ಎರಡು ವತನ್‌ಗಳ ನಡುವಿನ ಕಡಲತೀರ

ಉರ್ದುವಿನ ‘ವತನ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ದೇಶವೂ ವತನ್, ಹುಟ್ಟೂರೂ ವತನ್. ನಮ್ಮ ಸುರಪುರ ಸೀಮೆಯಲ್ಲಿ ಹೊಸಬರು ಕಂಡರೆ ಹಿರಿಯರು ‘ತುಮಾರಾ ವತನ್ ಕೌನ್ಸಾ?’ ಎಂದು ಕೇಳುತ್ತಾರೆ. ಅದಕ್ಕೆ ಯಾರೂ ಹಿಂದೂಸ್ತಾನ ಎಂದು ಉತ್ತರ ಕೊಡುವುದಿಲ್ಲ. ಬೋನಾಳ, ಕೆಂಭಾವಿ, ರಂಗಂಪೇಟ ಎಂದು ಊರ ಹೆಸರು ಹೇಳುತ್ತಾರೆ. ಎರಡಕ್ಕೂ ಒಂದೇ ಮಾತು ಸಾಕಾಗಿದೆ, ಏಕೆಂದರೆ ಇವೆರಡರಲ್ಲಿ ಒಂದನ್ನು ಆರಿಸಿಕೊ ಎಂದು ನಮ್ಮನ್ನು ಯಾರೂ ಕೇಳಿಲ್ಲ. ಹಾಗೆ ಕೇಳಿಸಿಕೊಂಡ ಜನ ಕರ್ನಾಟಕದಲ್ಲಿಯೇ ಇದ್ದಾರೆ. ಅವರು ಕಾರವಾರ ಮತ್ತು ಅಂಕೋಲೆಯ ನಡುವಿನ ಕಡಲತೀರದವರು.

ಈ ತೀರಕ್ಕೆ ಹಡಗುಪಡೆ ಹೊಸದೇನಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಗೋವೆಯಿಂದ ದಕ್ಷಿಣಕ್ಕೆ ಹೊರಟಾಗ ಒಂದು ಪುಟ್ಟ ದ್ವೀಪದಲ್ಲಿ ಇಳಿದು ಅಲ್ಲಿ ಒಬ್ಬ ಜೋಗಿಯನ್ನು ಕಂಡದ್ದಾಗಿ ಬರೆದಿದ್ದಾನೆ. ಆ ದ್ವೀಪ ಕಾರವಾರದ ಎದುರಿನ ಅಂಜದೀವ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಂದ ಅವನು ಹೊನ್ನಾವರಕ್ಕೆ ಹೋದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಅವನು ಬರೆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಪುಟಗಳಲ್ಲಿ, ಅಲ್ಲಿನ ಸುಲ್ತಾನ ಜಮಾಲುದ್ದೀನನ ನೌಕಾಬಲಕ್ಕೆ ಹೆದರಿ ಮಲಬಾರಿನವರು ವರ್ಷವರ್ಷವೂ ಹಣ ಕೊಡುತ್ತಿದ್ದರೆಂಬ ಮಾತೂ ಇದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅಂಜದೀವದ ಚರಿತ್ರೆಯೇ ಒಂದು ದುಃಖದ ಕಥೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ ಮರುವರ್ಷವೇ ಕೆಡವಿದರು. 1660ರ ದಶಕದಲ್ಲಿ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಕಾಯುತ್ತ ಕುಳಿತು, ಹೆಚ್ಚಿನವರು ರೋಗದಿಂದ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. ಭಾರತಕ್ಕೆ ಸ್ವಾತಂತ್ರ್ಯ ಬಂದ ಮೇಲೂ ದ್ವೀಪ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. 1961ರ ನವೆಂಬರಿನಲ್ಲಿ ಅಲ್ಲಿಂದ ಮೊದಲು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ, ಕೆಲವೇ ದಿನಗಳಲ್ಲಿ ಮೀನು ಹಿಡಿಯಲು ಹೋದವರ ಮೇಲೆ ಗುಂಡು ಹಾರಿತು. ಒಬ್ಬ ಮೀನುಗಾರ ಸತ್ತ. ಗೋವಾ ವಿಮೋಚನೆಗೆ ಸೇನೆ ಕಳಿಸಲು ಒದಗಿಬಂದ ಕಾರಣಗಳಲ್ಲಿ ಆ ಸಾವೂ ಒಂದು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪದಲ್ಲಿ ಇಳಿಯಿತು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಅಂದರೆ ಈ ತೀರದ ಮೀನುಗಾರನಿಗೂ ಭಾರತದ ನೌಕಾಪಡೆಗೂ ಮೊದಲ ನಂಟು ಬೆಸೆದದ್ದು ರಕ್ತದಲ್ಲಿ, ಅದೂ ಒಂದೇ ಶತ್ರುವಿನ ಎದುರು.

ಇಪ್ಪತ್ತೈದು ವರ್ಷಗಳ ನಂತರ, 1986ರ ಅಕ್ಟೋಬರ್ 24ರಂದು, ಪ್ರಧಾನಿ ರಾಜೀವ್ ಗಾಂಧಿ ಇಲ್ಲಿ ‘ಸೀಬರ್ಡ್’ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಮುಂಬಯಿ ಬಂದರು ವ್ಯಾಪಾರಿ ಹಡಗುಗಳಿಂದ ಕಿಕ್ಕಿರಿದಿತ್ತು. ಆಳವಾದ ನೀರು, ಮರೆಯಾಗಿ ನಿಂತ ಗುಡ್ಡಗಳು, ಅಡ್ಡಲಾಗಿ ದ್ವೀಪಗಳು ಇಲ್ಲಿದ್ದವು. ಯೋಜನೆಗೆ ಬೇಕಾದದ್ದು 11 ಸಾವಿರ ಎಕರೆಗೂ ಹೆಚ್ಚು ಭೂಮಿ. ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಹಾರವಾಡ ಎನ್ನುತ್ತ 13 ಹಳ್ಳಿಗಳು, 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಅದರ ಲೆಕ್ಕಕ್ಕೆ ಬಂದವು.

ಈ ಜನರಿಗೆ ದೇಶವೆಂದರೇನು ಎಂದು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೆ ಬಂದ ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡು ಜೈಲಿಗೂ ಹೋಗಿದ್ದರು. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಗುಂಡಿನ ಮಳೆಯ ಕೆಳಗೆ ನೆಲಬಾಂಬುಗಳನ್ನು ಕಿತ್ತು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರಚಕ್ರ ಪಡೆದ ರಾಮ ರಾಘೋಬ ರಾಣೆ ಇದೇ ಚೆಂಡಿಯಾದವರು. ಮಗನನ್ನು ಕೊಟ್ಟ ಊರು ನೆಲವನ್ನೂ ಕೊಡಬೇಕಾಯಿತು.

ಆದರೆ ಕೊಡುವುದೂ ಬಿಡುವುದೂ ಒಮ್ಮೆಗೇ ಆಗಲಿಲ್ಲ. ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುವುದು ಇದೇ. ಅಡಿಗಲ್ಲು ಬಿದ್ದ ಕೆಲವೇ ವರ್ಷಗಳಲ್ಲಿ ದೇಶದ ಬೊಕ್ಕಸ ಬರಿದಾಯಿತು, ಯೋಜನೆ ಕುಂಟಿತು. 1995ರಲ್ಲಿ ಅದನ್ನು ಚಿಕ್ಕದಾಗಿಸಿ ಮತ್ತೆ ಒಪ್ಪಿಗೆ ಕೊಟ್ಟರು. ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿದ್ದಾಗ, 2000ದ ಹೊತ್ತಿಗೆ, ಕೆಲಸಕ್ಕೆ ವೇಗ ಬಂತು. ಈ ಹದಿಮೂರು ಹದಿನಾಲ್ಕು ವರ್ಷ ಜನ ತಮ್ಮದೂ ಅಲ್ಲದ, ಸರ್ಕಾರದ್ದೂ ಪೂರ್ತಿ ಆಗದ ನೆಲದ ಮೇಲೆ ಬದುಕಿದರು. ಹೋಗಲೇಬೇಕಾದ ಮನೆಗೆ ಹೊಸ ಹಂಚು ಹೊದಿಸಲು ಯಾರಿಗೆ ಮನಸ್ಸು ಬಂದೀತು? ತೆಂಗಿನ ಸಸಿ ನೆಟ್ಟರೆ ಅದರ ಕಾಯಿ ಯಾರಿಗೆ? ನಮ್ಮ ಕೃಷ್ಣೆಯ ದಂಡೆಯಲ್ಲಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವರಿಗೂ ಈ ಕಾಯುವ ಕಾಲದ ರುಚಿ ಗೊತ್ತು.

ಇಲ್ಲಿ ಮೀನುಗಾರರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಖಾರ್ವಿಗಳು, ಹರಿಕಂತ್ರರು, ಗಾಬಿತರು ಈ ಕರಾವಳಿಯ ಮೀನುಗಾರರು. ಜೊತೆಗೆ ದಾಲ್ಜಿ ಎಂದು ಕರೆಸಿಕೊಳ್ಳುವ ಮುಸ್ಲಿಮರೂ ಇದ್ದಾರೆ. 1883ರ ಮುಂಬಯಿ ಗೆಜೆಟಿಯರಿನ ಕಾನಡಾ ಸಂಪುಟ ಇವರನ್ನು ದಾಲ್ದಿಗಳೆಂದು ಹೆಸರಿಸಿದೆ. ಮನೆಯಲ್ಲಿ ಕೊಂಕಣಿ ಆಡುವ, ದೋಣಿ ಬಲೆಗಳನ್ನೇ ನಂಬಿದ ಜನ ಇವರು. ಕರಾವಳಿಯ ಮುಸ್ಲಿಮರೆಂದರೆ ವ್ಯಾಪಾರಿಗಳು ಎಂದು ನಾವು ಬಯಲುಸೀಮೆಯವರು ತಿಳಿದುಬಿಟ್ಟಿದ್ದೇವೆ. ನಮ್ಮದೇ ಸಮಾಜದ ಬರಹಗಳಲ್ಲೂ ದಾಲ್ಜಿಗಳಿಗೆ ಸಿಕ್ಕ ಜಾಗ ಬಹಳ ಕಡಿಮೆ.

ಇವರೆಲ್ಲರಿಗೂ ಪರಿಚಿತವಾದದ್ದು ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಬಂಗುಡೆಯ ಹಿಂಡನ್ನು ಸುತ್ತುವರಿದು ಬಲೆ ಬಿಟ್ಟು, ಎರಡೂ ತುದಿಗಳ ಹಗ್ಗವನ್ನು ದಡದಿಂದ ಎಳೆಯಬೇಕು. ಅದಕ್ಕೆ ಎಂಬತ್ತು ನೂರು ಜನ ಬೇಕು. ಮೀನು ಪಾಲಿನಲ್ಲಿ ಹಂಚಿಕೆಯಾಗುತ್ತದೆ. ಹೆಂಗಸರು ಅದನ್ನು ಬುಟ್ಟಿಯಲ್ಲಿ ಹೊತ್ತು ಊರೂರು ಮಾರುತ್ತಾರೆ, ಉಳಿದದ್ದನ್ನು ಮರಳ ಮೇಲೆ ಒಣಗಿಸುತ್ತಾರೆ. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳೂ ಪರ್ಸಿನ್ ಬಲೆಗಳೂ ಬಂದು ರಂಪಣಿಯ ಸೊಂಟ ಮುರಿದದ್ದು ನಿಜ. ಆ ಪಾಪವನ್ನು ನೌಕಾಪಡೆಯ ತಲೆಗೆ ಕಟ್ಟಬಾರದು. ಆದರೂ ದಡದಿಂದ ಎಳೆಯುವ ಬಲೆಗೆ ದಡ ಬೇಕು. ಮೀನು ಒಣಗಿಸಲು ಮರಳು ಬೇಕು. ಬೇಲಿ ಬಿದ್ದ ಮೇಲೆ ಅವೆರಡೂ ಇಲ್ಲ.

ಪರಿಹಾರ ನಿರ್ಧರಿಸಿದ್ದು 1894ರ ಭೂಸ್ವಾಧೀನ ಕಾಯ್ದೆ. ಅದು ಮುಖ್ಯವಾಗಿ ನೋಡುವುದು ನೆಲದ ಒಡೆತನವನ್ನು: ಪಹಣಿಯಲ್ಲಿ ಹೆಸರು ಯಾರದು, ಎಷ್ಟು ಗುಂಟೆ, ಎಷ್ಟು ಮರ. ಹಗ್ಗ ಎಳೆದು ಪಾಲು ಪಡೆಯುವವನ ಹಕ್ಕಿಗೆ ಪಹಣಿ ಎಲ್ಲಿಂದ ಬರಬೇಕು? ಭೂಮಿ ಇದ್ದವರೂ ಸುಖವಾಗೇನೂ ಇರಲಿಲ್ಲ. ಸಿಕ್ಕ ಹಣ ಸಾಲದೆಂದು ಕೋರ್ಟಿಗೆ ಹೋದರು. ಕಾಯ್ದೆಯ 18ನೇ ಕಲಮು, ಪಕ್ಕದವನಿಗೆ ಕೋರ್ಟಿನಲ್ಲಿ ಹೆಚ್ಚು ಸಿಕ್ಕರೆ ತನಗೂ ಕೊಡಿ ಎಂದು ಕೇಳಲು ಅವಕಾಶವಿರುವ 28(ಎ) ಕಲಮು, ಇವು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಮನೆಮಾತಾದವು. ವ್ಯಾಜ್ಯ ದಶಕಗಳ ಕಾಲ ನಡೆಯಿತು. ಅರ್ಜಿ ಹಾಕಿದ ಅಪ್ಪ ತೀರಿಕೊಂಡು ಮಕ್ಕಳು ವಾರಸುದಾರರಾಗಿ ಕಚೇರಿ ಸುತ್ತಿದರು.

ತೋಡೂರು, ಹಾರವಾಡ, ಮುದಗಾಗಳಲ್ಲಿ ಪುನರ್ವಸತಿ ಕಾಲೊನಿಗಳಾದವು. ನೇರ ರಸ್ತೆ, ಸಾಲು ನಿವೇಶನ, ವಿದ್ಯುತ್ತು ಎಲ್ಲ ಬಂತು. ಮುದಗಾದಲ್ಲಿ ಮೀನುಗಾರಿಕೆಗೆ ಬಂದರು ಆಯಿತು. 2005ರ ಮೇ 31ರಂದು ಪ್ರಣವ್ ಮುಖರ್ಜಿಯವರು ನೆಲೆಯನ್ನು ಉದ್ಘಾಟಿಸಿದರು. ಬನವಾಸಿಯ ಅರಸರ ನೆನಪಿಗೆ ‘ಐಎನ್‌ಎಸ್ ಕದಂಬ’ ಎಂದು ಹೆಸರಿಟ್ಟರು. ಅಂಜದೀವ ಈಗ ತಡೆಗೋಡೆಯಿಂದ ದಡಕ್ಕೆ ಅಂಟಿಕೊಂಡಿದೆ. ಅಲ್ಲಿನ ಇಗರ್ಜಿಯ ಹಬ್ಬಕ್ಕೆ ದೋಣಿಗಳಲ್ಲಿ ಹೋಗುತ್ತಿದ್ದ ಕ್ರೈಸ್ತರಿಗೂ ಅದು ಹಿಂದಿನಂತೆ ತೆರೆದ ದ್ವೀಪವಲ್ಲ. 2014ರಲ್ಲಿ ‘ವಿಕ್ರಮಾದಿತ್ಯ’ ಬಂದು ತಂಗಿದ್ದು ಈ ನೆಲೆಯಲ್ಲೇ.

ನೌಕಾಪಡೆ ಬಂದದ್ದರಿಂದ ಏನೂ ಒಳ್ಳೆಯದಾಗಲಿಲ್ಲ ಎನ್ನುವುದು ಅನ್ಯಾಯದ ಮಾತು. ಕಾರವಾರದ ಪೇಟೆ ಬೆಳೆಯಿತು, ಗುತ್ತಿಗೆ ಕೆಲಸ ಸಿಕ್ಕಿತು. ನಮ್ಮ ಸುರಪುರ, ಶಹಾಪುರದ ಕಡೆಯಿಂದ ಗೋವಾ, ಕಾರವಾರಕ್ಕೆ ಗಾರೆ ಕೆಲಸಕ್ಕೆ ಹೋಗುವವರಿಗೆ ಅಂಥ ಕಟ್ಟಡಗಳೇ ಅನ್ನ. ಒಬ್ಬರು ಬಿಟ್ಟ ನೆಲದಲ್ಲಿ ಇನ್ನೊಬ್ಬ ಬಡವ ಇಟ್ಟಿಗೆ ಹೊರುತ್ತಾನೆ, ಇಬ್ಬರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ನಿರಾಶ್ರಿತರ ಮಕ್ಕಳು ಕೇಳಿದ್ದು ನೆಲೆಯೊಳಗೆ ಕಾಯಂ ನೌಕರಿ. ಆ ಬೇಡಿಕೆ ಹಿಡಿದು ಅವರು ಎಷ್ಟೋ ಸಲ ಗೇಟಿನ ಮುಂದೆ ಕುಳಿತಿದ್ದಾರೆ.

2014ರ ಜನವರಿ 1ರಂದು ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂತು. ಜಮೀನಿಲ್ಲದಿದ್ದರೂ ಮೂರು ವರ್ಷ ಕಾಡನ್ನೋ ನೀರನ್ನೋ ನಂಬಿ ಬದುಕಿದ ಕುಟುಂಬ ಬಾಧಿತ ಕುಟುಂಬವೇ ಎಂದು ಅದು ಒಪ್ಪುತ್ತದೆ. ಮೀನುಗಾರರು, ದೋಣಿ ನಡೆಸುವವರು ಎಂದು ಹೆಸರಿಟ್ಟೇ ಬರೆದಿದ್ದಾರೆ. ಅಷ್ಟು ಹೊತ್ತಿಗೆ ಅರ್ಗಾದ ಮರಳಿನ ಮೇಲೆ ಬೇಲಿ ಎದ್ದು ಹತ್ತು ವರ್ಷಗಳ ಮೇಲಾಗಿತ್ತು. ಈಚಿನ ವರ್ಷಗಳಲ್ಲಿ ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕಾಗಿ ಮತ್ತೆ ಸರ್ವೆ ನಡೆದು ನೋಟೀಸು ಬಂದಿವೆ. ನೋಟೀಸು ಪಡೆದವರಲ್ಲಿ ಒಮ್ಮೆ ಸೀಬರ್ಡಿಗೆ ನೆಲ ಕೊಟ್ಟ ಮನೆಗಳೂ ಇವೆ.