ಒಂದು ಪುಟ್ಟ ಪದದ ಅಲೆದಾಟ

‘ಪುಟ್ ಆನ್ ಇಟ್’ ಎಂದು ಬರೆದು ಮೇಷ್ಟರಿಂದ ಕೆಂಪು ಶಾಯಿಯ ಗೀಟು ಹಾಕಿಸಿಕೊಳ್ಳದೆ ಇಂಗ್ಲಿಷ್ ಕಲಿತವರು ನಮ್ಮಲ್ಲಿ ವಿರಳ. ಕೋಟು ತೊಡುವ ಮಾತಿಗೆ ‘ಪುಟ್ ಆನ್ ದ ಕೋಟ್’ ಎಂದರೂ ಸರಿ, ‘ಪುಟ್ ದ ಕೋಟ್ ಆನ್’ ಎಂದರೂ ಸರಿ. ಆದರೆ ಕೋಟಿನ ಬದಲು ‘ಇಟ್’ ಬಂದಿತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’. ಕಾರಣ ಕೇಳಿದರೆ, “ಅದು ರೂಢಿ” ಎಂಬ ಉತ್ತರ. ರೂಢಿಗೂ ಒಂದು ಚರಿತ್ರೆಯುಂಟಷ್ಟೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷು ಎಷ್ಟೋ ಮಟ್ಟಿಗೆ ಜರ್ಮನ್ ಭಾಷೆಯನ್ನು ಹೋಲುತ್ತಿತ್ತು. ಉಪವಾಕ್ಯಗಳಲ್ಲಿ ಕ್ರಿಯಾಪದ ಅನೇಕ ವೇಳೆ ನಮ್ಮಲ್ಲಿರುವಂತೆ ಕೊನೆಗೆ ಬರುತ್ತಿತ್ತು. ‘ಅಪ್’, ‘ಔಟ್’ ಮೊದಲಾದ ಪುಟ್ಟ ಪದಗಳು ಅದಕ್ಕಿಂತ ಮೊದಲು ನಿಲ್ಲುತ್ತಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದಕ್ಕೆ ಮೊದಲೇ ಆರಂಭವಾಗಿದ್ದ ಮಾರ್ಪಾಡು ಮುಂದಿನ ಎರಡು ಶತಮಾನಗಳಲ್ಲಿ ಬಲವಾಯಿತು. ವಿಭಕ್ತಿ ಪ್ರತ್ಯಯಗಳು ಸವೆದವು. ಕ್ರಿಯಾಪದ ಕರ್ಮಕ್ಕಿಂತ ಮೊದಲು ಬಂದು ನೆಲಸಿತು. ಪುಟ್ಟ ಪದ ಅದರ ಬೆನ್ನ ಹಿಂದೆ ಉಳಿಯಿತು.

ಹೀಗಾಗಿ ಕರ್ಮಪದಕ್ಕೆ ಎರಡು ಸ್ಥಾನಗಳು ದೊರೆತವು: ಪುಟ್ಟ ಪದದ ಈಚೆ ಒಂದು, ಆಚೆ ಒಂದು. ಹಗುರವಾದುದು ಮೊದಲು, ಭಾರವಾದುದು ಆಮೇಲೆ ಎಂಬ ಒಲವನ್ನು ಜರ್ಮನ್ ವಿದ್ವಾಂಸ ಒಟ್ಟೊ ಬೆಹಾಗೆಲ್ 1909ರಲ್ಲಿ ವಿವರಿಸಿದನು. ‘ಇಟ್’ ಹಗುರ, ಒತ್ತಿ ನುಡಿಯದ, ಕೇಳುವವನಿಗೆ ಮೊದಲೇ ತಿಳಿದ ವಸ್ತುವಿನ ಹೆಸರು. ಅದು ಕ್ರಿಯಾಪದಕ್ಕೆ ಅಂಟಿಕೊಂಡಿತು. ಉದ್ದನೆಯ ಕರ್ಮಪದ ತುದಿಯನ್ನು ಬಯಸಿತು. ‘ಕೋಟ್’ ಅತ್ತಲೂ ಇತ್ತಲೂ ಸಲ್ಲುವ ನಡುವಣ ತೂಕದ್ದು.

ಇದು ನಮಗೆ ತೀರ ಅಪರಿಚಿತವೇ? ‘ಕೊಟ್ಟುಬಿಟ್ಟ’ ಎಂಬುದರ ನಡುವೆ ಪುಟ್ಟ ‘ಏ’ ನುಸುಳಿ ‘ಕೊಟ್ಟೇಬಿಟ್ಟ’ ಎಂದಾಗುತ್ತದೆ. ಅಲ್ಲಿಯೇ ‘ಪುಸ್ತಕವನ್ನು’ ಎಂದು ತುರುಕಿ ನೋಡಿ. ‘ಕೊಟ್ಟು ಪುಸ್ತಕವನ್ನು ಬಿಟ್ಟ’ ಎಂದರೆ ಅರ್ಥವೇ ಬೇರೆಯಾದೀತು. ವ್ಯಾಕರಣ ಬೇರೆಯಾದರೂ, ಇಕ್ಕಟ್ಟಿನಲ್ಲಿ ಸಣ್ಣದಕ್ಕೆ ಮಾತ್ರ ಎಡೆ ಕೊಡುವ ಗುಣ ನಮ್ಮ ನುಡಿಗೂ ಹೊಸದಲ್ಲ.

ಇಂಗ್ಲಿಷಿನ ಈ ಜೋಡಿಗಳು ಪರದೇಶೀಯರಿಗೆ ಬಹಳ ತೊಡಕು ಕೊಡುತ್ತವೆಂದು 1755ರಲ್ಲಿಯೇ ಸ್ಯಾಮ್ಯುಯಲ್ ಜಾನ್ಸನ್ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದನು. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ ಪ್ರಚಾರಕ್ಕೆ ತಂದದ್ದು 1925ರಲ್ಲಿ. ಹೆಸರಿಡುವುದಕ್ಕೇ ಇಷ್ಟು ಕಾಲ ಹಿಡಿಯಿತೆಂದ ಮೇಲೆ, ಒಂದು ತರಗತಿಯಲ್ಲಿ ಎಡವಿದ ಹುಡುಗನನ್ನು ದಡ್ಡನೆನ್ನುವುದು ನ್ಯಾಯವಲ್ಲ. ಕೋಟಿಗೆ ಸಲ್ಲುವ ನಿಯಮ ‘ಇಟ್’ಗೂ ಸಲ್ಲಬೇಕೆಂದು ಅವನು ತರ್ಕಿಸಿದ್ದಾನೆ. ಗೀಟು ಹಾಕಿದ ಮೇಷ್ಟರು ಪಕ್ಕದಲ್ಲಿ ಕಾರಣವನ್ನೂ ಎರಡು ಮಾತಿನಲ್ಲಿ ಬರೆದರೆ, ಆ ಗೀಟು ಅವನನ್ನು ಅಷ್ಟು ನೋಯಿಸಲಾರದು.