ರಗ್ಗಿನ ಮೇಲಿನ ಕಲೆ

ನಮ್ಮ ಮನೆಗೆ ಮೊದಲ ನೈಲಾನ್ ರಗ್ಗು ಬಂದ ವಾರದಲ್ಲೇ ಅದರ ಮೇಲೆ ಸಾರು ಚೆಲ್ಲಿತು. ಅಜ್ಜಿ ಬಟ್ಟೆ ಸಾಬೂನು ತಂದು ತಿಕ್ಕಿದೊಡನೆ ಹಳದಿ ಕಲೆ ಕೆಂಪಾಯಿತು. ಆಗ ಬಿ.ಎಸ್ಸಿ. ಓದುತ್ತಿದ್ದ ನಾನು, ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆಂದು ದೊಡ್ಡದಾಗಿ ವಿವರಿಸಿದೆ. ನಿಂಬೆರಸ ಹಿಂಡಿ ಮತ್ತೆ ಹಳದಿ ಮಾಡಿಯೂ ತೋರಿಸಿದೆ. "ಸರಿ, ತೆಗೆಯುವುದು ಹೇಗೆ?" ಎಂದು ಅಜ್ಜಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನವಲಗುಂದದ ಹತ್ತಿಯ ಜಮಖಾನವನ್ನು ಕೊಡವಿ ಹಾಸಿ ಬದುಕಿದವರಿಗೆ ಈ ಹೊಸ ನೂಲು ಅಪರಿಚಿತವಾಗಿತ್ತು.

ನೆಲಹಾಸನ್ನು ಶುಚಿಗೊಳಿಸುವುದೆಂದರೆ ಬಹುಕಾಲ ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿಯುವುದೇ ಆಗಿತ್ತು. 1876ರಲ್ಲಿ ಅಮೆರಿಕದ ಮೆಲ್ವಿಲ್ ಬಿಸೆಲ್ ಉರುಳುವ ಕುಂಚಗಳ ಕೈಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಆದರೆ ನಿಜವಾದ ತಿರುವು ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್‌ನದು. ಅವನು ನೋಡಿದ ಒಂದು ಪ್ರದರ್ಶನದಲ್ಲಿ ಯಂತ್ರವು ಧೂಳನ್ನು ಗಾಳಿಯಿಂದ ಊದುತ್ತಿತ್ತು. ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಿದರೆ ಹೇಗೆ? ಹೋಟೆಲೊಂದರ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಗಾಳಿ ಎಳೆದ. ಬಟ್ಟೆಯ ಅಡಿಯಲ್ಲಿ ಧೂಳು ಅಂಟಿತ್ತು. 1901ರಲ್ಲಿ ಪೇಟೆಂಟ್ ಬಂತು. ಕುದುರೆ ಎಳೆಯುತ್ತಿದ್ದ ಅವನ ಯಂತ್ರ ಬೀದಿಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಮಾತ್ರ ಕಿಟಕಿಯಿಂದ ಒಳಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳು ಶುಚಿಯಾದದ್ದು ಇದರಿಂದಲೇ. ಮನೆಯೊಳಗೆ ಹಿಡಿಸುವ ಯಂತ್ರವನ್ನು ಮಾಡಿದವನು ಓಹಾಯೋದ ಜೇಮ್ಸ್ ಸ್ಪ್ಯಾಂಗ್ಲರ್. ಅವನು ಕಟ್ಟಡವೊಂದರಲ್ಲಿ ಕಸ ಗುಡಿಸುತ್ತಿದ್ದ, ಉಬ್ಬಸದಿಂದ ನರಳುತ್ತಿದ್ದ. 1908ರಲ್ಲಿ ಪೇಟೆಂಟ್ ದೊರೆಯಿತು. ಹೆಸರು ಮಾತ್ರ ಅದನ್ನು ಕೊಂಡ ಹೂವರ್‌ದಾಯಿತು.

ಅಲ್ಲಿಯವರೆಗೆ ರತ್ನಗಂಬಳಿಯೆಂದರೆ ಹೆಚ್ಚಾಗಿ ಉಣ್ಣೆ. 1935ರ ಫೆಬ್ರವರಿ 28ರಂದು ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊಥರ್ಸ್‌ನ ತಂಡ ನೈಲಾನನ್ನು ತಯಾರಿಸಿತು. 1937ರಲ್ಲೇ ತೀರಿಕೊಂಡ ಕ್ಯಾರೊಥರ್ಸ್ ಅದು ಮಾರುಕಟ್ಟೆಗೆ ಬಂದದ್ದನ್ನು ಕಾಣಲಿಲ್ಲ. 1954ರಲ್ಲಿ ಇಟಲಿಯ ಜ್ಯೂಲಿಯೊ ನಟ್ಟಾ ಪಾಲಿಪ್ರೊಪಿಲೀನನ್ನು ಪಡೆದ. ಈ ನೂಲುಗಳಿಗೆ ನೆಲೆ ಸಿಕ್ಕಿದ್ದು ಜಾರ್ಜಿಯಾ ರಾಜ್ಯದ ಡಾಲ್ಟನ್‌ನಲ್ಲಿ. ಅಲ್ಲಿ 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ ದಪ್ಪ ದಾರದ ಕುಚ್ಚುಗಳನ್ನು ಪೋಣಿಸಿ ಹಾಸಿಗೆ ಹೊದಿಕೆಯೊಂದನ್ನು ಮಾಡಿದ್ದಳು. ಊರಿನ ಹೆಂಗಸರು ಅದನ್ನೇ ಕಲಿತರು, ಆಮೇಲೆ ಯಂತ್ರಗಳು ಕಲಿತವು. ಎರಡನೆಯ ಮಹಾಯುದ್ಧದ ನಂತರ ಹೊದಿಕೆ ಅಗಲವಾಗಿ ನೆಲಕ್ಕಿಳಿಯಿತು. ಕೈಮಗ್ಗದಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ ಗಂಟೆಗಳ ಮಾತಾಯಿತು, ರತ್ನಗಂಬಳಿ ಸಾಮಾನ್ಯರ ಮನೆ ಸೇರಿತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಸಾಧಾರಣ ಹವೆಯಲ್ಲಿ ಉಣ್ಣೆ ತನ್ನ ತೂಕದ ಸುಮಾರು ಶೇಕಡ 16ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಲಾನ್ ಸುಮಾರು 4ರಷ್ಟು, ಪಾಲಿಪ್ರೊಪಿಲೀನ್ ಬಹುತೇಕ ಏನೂ ಇಲ್ಲ. ಆದ್ದರಿಂದ ಪಾಲಿಪ್ರೊಪಿಲೀನ್ ರಗ್ಗಿಗೆ ಕಾಫಿ ಚೆಲ್ಲಿದರೆ ಒರೆಸಿದರೆ ಸಾಕು; ಆದರೆ ಎಣ್ಣೆ ಬಿದ್ದರೆ ಬಿಡುವುದು ಕಷ್ಟ, ಎಣ್ಣೆಗೂ ಆ ನೂಲಿಗೂ ರಾಸಾಯನಿಕ ನಂಟಿದೆ. ಅದು ಸುಮಾರು 165 ಡಿಗ್ರಿಯಲ್ಲೇ ಕರಗುವುದರಿಂದ ಇಸ್ತ್ರಿ ಪೆಟ್ಟಿಗೆ ತಾಗಿಸಬಾರದು. ಭಾರವಾದ ಮಂಚವನ್ನು ಅದರ ಮೇಲೆ ಎಳೆದರೂ ಘರ್ಷಣೆಯ ಕಾವಿಗೆ ಹೊಳೆಯುವ ಗೆರೆ ಉಳಿಯುತ್ತದೆ. ನೈಲಾನಿಗೆ ಬಣ್ಣ ಹಿಡಿಯುವ ಗುಣವಿದೆ, ಅರಿಶಿನ ಅಲ್ಲಿ ಕೂತದ್ದು ಅದಕ್ಕೇ; ಬ್ಲೀಚಿಂಗ್ ಪುಡಿ ಹಾಕಿದರೆ ಕಲೆಯ ಜೊತೆಗೆ ರಗ್ಗಿನ ಬಣ್ಣವೂ ಹೋಗುತ್ತದೆ. ಚೆಲ್ಲಿದ್ದನ್ನು ತಿಕ್ಕದೆ ಒಣಬಟ್ಟೆಯಿಂದ ಒತ್ತಿ ಹೀರಬೇಕು, ಅಂಚಿನಿಂದ ನಡುವಿಗೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ತುಸು ಸೌಮ್ಯ ಮಾರ್ಜಕ, ಕೊನೆಗೆ ಬರಿ ನೀರು. ಈ ಕೊನೆಯದನ್ನೇ ಎಲ್ಲರೂ ಮರೆಯುವುದು. ಉಳಿದ ಮಾರ್ಜಕ ಜಿಗುಟಾಗಿ ಹೊಸ ಧೂಳನ್ನು ಹಿಡಿಯುತ್ತದೆ, ತೊಳೆದ ಜಾಗವೇ ಬೇಗ ಕಪ್ಪಾಗುತ್ತದೆ. ನಮ್ಮ ರಗ್ಗಿನ ಹಳದಿ ಕೊನೆಗೆ ಕಿಟಕಿಯ ಬೆಳಕಿಗೇ ಮಾಸಿತು, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಹಾಗೆಂದು ದಿನವೂ ಬಿಸಿಲಿಗೆ ಹಾಕಬೇಡಿ, ಕೃತಕ ನೂಲೂ ಬಿಸಿಲಿಗೆ ಜೀರ್ಣವಾಗುತ್ತದೆ.

ಕಲೆಯೇ ಅಂಟದಂತೆ ಮಾಡಬಾರದೇಕೆ ಎಂಬ ಆಸೆ ಸಹಜವೇ. 1953ರಲ್ಲಿ ಅಮೆರಿಕದ ತ್ರೀ ಎಂ ಸಂಸ್ಥೆಯಲ್ಲಿ ಪ್ರಯೋಗದ ದ್ರವವೊಂದು ಸಹಾಯಕಿಯ ಕ್ಯಾನ್ವಾಸ್ ಬೂಟಿನ ಮೇಲೆ ಬಿತ್ತು. ಎಷ್ಟು ತೊಳೆದರೂ ಅದು ಹೋಗಲಿಲ್ಲ; ಬೂಟು ಕೊಳೆಯಾದರೂ ಆ ಜಾಗ ಮಾತ್ರ ಶುಭ್ರವಾಗಿ ಉಳಿಯಿತು. ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಇದರ ಬೆನ್ನುಹತ್ತಿದರು. 1956ರಲ್ಲಿ ಸ್ಕಾಚ್‌ಗಾರ್ಡ್ ಮಾರುಕಟ್ಟೆಗೆ ಬಂತು. ನೀರು, ಎಣ್ಣೆ ಎರಡನ್ನೂ ದೂರವಿಡುವ ಈ ಫ್ಲೂರಿನ್ ಸಂಯುಕ್ತಗಳನ್ನು ರತ್ನಗಂಬಳಿಗಳಿಗೂ ಹೇರಳವಾಗಿ ಬಳಸಲಾಯಿತು.

ಇಂಗಾಲ ಮತ್ತು ಫ್ಲೂರಿನ್‌ಗಳ ಬಂಧ ಬಹಳ ಗಟ್ಟಿ. ಕಲೆಯನ್ನು ತಡೆದದ್ದು ಅದರ ಗುಣ, ಕೊಳೆಯದೆ ಉಳಿದದ್ದೂ ಅದೇ ಗುಣ. 1990ರ ದಶಕದ ಕೊನೆಯಲ್ಲಿ ಅಮೆರಿಕದ ರಕ್ತನಿಧಿಗಳ ಮಾದರಿಗಳಲ್ಲಿ ಇದರ ಅಂಶ ಸಿಕ್ಕಿತು. 2000ದ ಮೇ 16ರಂದು ತ್ರೀ ಎಂ ತನ್ನ ಹಳೆಯ ಸೂತ್ರವನ್ನು ಕೈಬಿಡುವುದಾಗಿ ಸಾರಿತು. 2009ರಲ್ಲಿ ಪಿ.ಎಫ್.ಓ.ಎಸ್. ಎಂಬ ಆ ವಸ್ತು ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿ ಸೇರಿತು. 2021ರಲ್ಲಿ ಕ್ಯಾಲಿಫೋರ್ನಿಯಾ ಈ ಬಗೆಯ ಸಂಯುಕ್ತಗಳಿರುವ ರಗ್ಗುಗಳನ್ನೆಲ್ಲ ವಿಶೇಷ ನಿಗಾಕ್ಕೆ ಒಳಪಡಿಸಿತು. ನೆಲದ ಮೇಲೆ ಅಂಬೆಗಾಲಿಡುವ, ಕೈ ಬಾಯಿಗೆ ಹಾಕುವ ಮಕ್ಕಳಿಗೆ ರಗ್ಗಿನ ಧೂಳೇ ಇದರ ದಾರಿ. ಡಾಲ್ಟನ್ ಪಕ್ಕದ ಕೊನಸಾಗ ನದಿ ಮುಂದೆ ಅಲಬಾಮಾದ ಕಡೆಗೆ ಹೋಗುತ್ತದೆ. ಅಲ್ಲಿನ ಗ್ಯಾಡ್ಸ್‌ಡೆನ್ ಊರಿನ ನೀರು ಸರಬರಾಜು ಮಂಡಳಿ ತನ್ನ ಕುಡಿಯುವ ನೀರು ಕೆಟ್ಟಿತೆಂದು 2016ರಲ್ಲಿ ರತ್ನಗಂಬಳಿ ತಯಾರಕರ ಮೇಲೆ ಮೊಕದ್ದಮೆ ಹೂಡಿತು.