ಉಸಿರು ಕಾಯುವವರಿಗೊಂದು ರಿಜಿಸ್ಟರು

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಲೋಕಲ್ ಟ್ರೈನಿನಲ್ಲಿ ಓಡಾಡುವ ನಮ್ಮವರಿಗೆಲ್ಲ ಈ ಸ್ಟೇಷನ್ ಗೊತ್ತೇ ಇರುತ್ತದೆ. ಕ್ರೋಂಪೇಟೆ ದಾಟಿದ ಮೇಲೆ, ತಾಂಬರಂ ಬರುವುದಕ್ಕೆ ಮುಂಚೆ, "ತಾಂಬರಂ ಸ್ಯಾನಟೋರಿಯಂ". ದಿನಾ ಬೋರ್ಡು ನೋಡುತ್ತೇವೆ, ಆ ಹೆಸರು ಯಾಕೆ ಬಂತು ಅಂತ ಯೋಚನೆ ಮಾಡುವವರು ಕಡಿಮೆ. 1928ರಲ್ಲಿ ಡಾ. ಚೌರಿ ಮುತ್ತು ಎಂಬ ವೈದ್ಯರು ಇಲ್ಲಿ ಕ್ಷಯರೋಗಿಗಳಿಗಾಗಿ ಒಂದು ಆರೋಗ್ಯಧಾಮ ತೆರೆದರು. 1937ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಈಗಲೂ ಅದು ಸರ್ಕಾರಿ ಎದೆರೋಗ ಆಸ್ಪತ್ರೆ. ಆ ಕಾಲಕ್ಕೆ ಕ್ಷಯಕ್ಕೆ ಮಾತ್ರೆ ಇರಲಿಲ್ಲ. ಊರಾಚೆಯ ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ... ಮುಖ್ಯ ಚಿಕಿತ್ಸೆ ಅಷ್ಟೇ. ಗಾಳಿ ಕೊಡುವುದಕ್ಕೆ ಬೇರೆ ಮನುಷ್ಯ ಬೇಕಾಗಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು.

ಆಮೇಲೆ ಗಾಳಿ ಸಿಲಿಂಡರಿನಲ್ಲಿ ಬಂತು, ಗೋಡೆಯ ಪೈಪಿನಲ್ಲಿ ಬಂತು, ಕೊನೆಗೆ ವೆಂಟಿಲೇಟರ್ ಎಂಬ ಯಂತ್ರದಲ್ಲಿ ಬಂತು. ಕಿಟಕಿಯನ್ನು ಯಾರು ಬೇಕಾದರೂ ತೆರೆಯಬಹುದು. ವೆಂಟಿಲೇಟರನ್ನು? ಅದಕ್ಕಾಗಿಯೇ ಓದಿದವರು ಇದ್ದಾರೆ, ಅವರಿಗೆ ರೆಸ್ಪಿರೇಟರಿ ಥೆರಪಿಸ್ಟ್ ಅಂತ ಹೆಸರು. ಐಸಿಯು ಬಾಗಿಲಾಚೆ ಕುರ್ಚಿಯಲ್ಲಿ ರಾತ್ರಿ ಕಳೆದ ನಮ್ಮಲ್ಲಿ ಎಷ್ಟೋ ಜನ ಅವರನ್ನು ನೋಡಿರುತ್ತೇವೆ. ಆದರೆ ನರ್ಸ್ ಅಂದುಕೊಂಡಿರುತ್ತೇವೆ, ಇಲ್ಲವೇ ಚಿಕ್ಕ ಡಾಕ್ಟರು ಅಂದುಕೊಂಡಿರುತ್ತೇವೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ನೋಡಿಕೊಂಡು ಬಂದವನು. ಶ್ವಾಸಕೋಶದ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಸಂಘ, ರಿಜಿಸ್ಟರು, ಲೈಸೆನ್ಸು, ಸಹಿ ಹಾಕುವ ಅಧಿಕಾರ - ಇವುಗಳ ನಡುವೆಯೇ ನನ್ನ ಸರ್ವೀಸು ಕಳೆದಿದೆ. ಈ ವೃತ್ತಿಯ ಕಥೆಯನ್ನು ಆ ಕಡೆಯಿಂದ ನೋಡಿದರೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಮೊದಲು ಹುಟ್ಟುತ್ತದೆ, ಹೆಸರು ಆಮೇಲೆ ಬರುತ್ತದೆ, ರಿಜಿಸ್ಟರು ಎಲ್ಲಕ್ಕಿಂತ ಕೊನೆಗೆ. ಆ ಮಧ್ಯದ ವರ್ಷಗಳಲ್ಲಿ ತೊಂದರೆ ಆಗುವುದು ಕೆಲಸ ಮಾಡುವವರಿಗೆ ಮಾತ್ರ ಅಲ್ಲ, ಹಾಸಿಗೆ ಮೇಲೆ ಮಲಗಿದವರಿಗೂ.

ಕಥೆ ಶುರುವಾಗುವುದು ಅಮೆರಿಕದ ಷಿಕಾಗೋದಲ್ಲಿ. 1940ರ ದಶಕದ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಸಿಲಿಂಡರನ್ನು ವಾರ್ಡಿನಿಂದ ವಾರ್ಡಿಗೆ ಉರುಳಿಸಿಕೊಂಡು ಹೋಗುವ ಆಳುಗಳಿದ್ದರು. ರೋಗಿಯ ಮೇಲೆ ಆಕ್ಸಿಜನ್ ಟೆಂಟು ಹಾಕುವುದು, ಒತ್ತಡ ನೋಡುವುದು, ಖಾಲಿಯಾದರೆ ಬದಲಾಯಿಸುವುದು ಅವರ ಕೆಲಸ. ಓದು ಇಲ್ಲ, ಪರೀಕ್ಷೆ ಇಲ್ಲ, ಕೆಲಸ ಮಾಡುತ್ತಾ ಕಲಿತದ್ದೇ ವಿದ್ಯೆ. ಷಿಕಾಗೋದ ಮೈಕೇಲ್ ರೀಸ್ ಆಸ್ಪತ್ರೆಯಲ್ಲಿ ಡಾ. ಎಡ್ವಿನ್ ಲೆವಿನ್ ಇಂಥವರಿಗೆ ತರಬೇತಿ ಕೊಡಲು ಶುರು ಮಾಡಿದರು. 1946ರ ಜುಲೈನಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲವು ವೈದ್ಯರು, ನರ್ಸುಗಳು ಮತ್ತು ಈ ಆಕ್ಸಿಜನ್ ಕೆಲಸದವರು ಒಟ್ಟಿಗೆ ಕೂತು ಒಂದು ಸಂಘ ಕಟ್ಟುವ ಮಾತಾಡಿದರು. 1947ರ ಏಪ್ರಿಲ್ 15ರಂದು ಇನ್‌ಹಲೇಶನಲ್ ಥೆರಪಿ ಅಸೋಸಿಯೇಶನ್ ಎಂಬ ಹೆಸರಿನಲ್ಲಿ ಅದು ನೋಂದಣಿಯಾಯಿತು. ನಮಗೆ ಸ್ವಾತಂತ್ರ್ಯ ಬರುವುದಕ್ಕೆ ಸರಿಯಾಗಿ ನಾಲ್ಕು ತಿಂಗಳು ಮುಂಚೆ!

ಸಿಲಿಂಡರ್ ತಳ್ಳುವವರಿಗೆ ಯಾಕಪ್ಪಾ ಸಂಘ, ಅಂತ ಆಗ ನಕ್ಕವರೂ ಇದ್ದಿರಬಹುದು. ಆದರೆ ಅದೇ ಕಾಲದಲ್ಲಿ ಇನ್ನೊಂದು ದುರಂತ ನಡೆಯುತ್ತಿತ್ತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಧಾರಾಳವಾಗಿ ಆಕ್ಸಿಜನ್ ಕೊಡುತ್ತಿದ್ದರು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಅಂತ ನಂಬಿಕೆ. 1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಇಂಥ ಮಕ್ಕಳಲ್ಲಿ ಒಂದು ಹೊಸ ರೀತಿಯ ಕುರುಡುತನವನ್ನು ಗುರುತಿಸಿದರು. ಕಾರಣ ಗೊತ್ತಾಗಲು ಹತ್ತು ವರ್ಷ ಹಿಡಿಯಿತು. 1953-54ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗದಲ್ಲಿ ತಪ್ಪಿತಸ್ಥ ಸಿಕ್ಕಿಬಿತ್ತು: ಅತಿಯಾದ ಆಕ್ಸಿಜನ್. ಅಷ್ಟರಲ್ಲಿ ಪ್ರಪಂಚದಲ್ಲಿ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರು. 1950ರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಹಾಡುಗಾರ ಸ್ಟೀವಿ ವಂಡರ್ ಅವರಲ್ಲೊಬ್ಬರು. ಪ್ರಾಣವಾಯು ಅಂತ ನಾವು ಕರೆಯುವ ವಸ್ತುವೂ ಅಳತೆ ತಪ್ಪಿದರೆ ವಿಷವೇ. ಅಂದಮೇಲೆ ಅಳತೆ ಗೊತ್ತಿರುವವನು ಒಬ್ಬ ಬೇಕು ತಾನೆ?

ಇನ್ನೊಂದು ಪಾಠ ಬಂದದ್ದು ಡೆನ್ಮಾರ್ಕಿನಿಂದ. 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಬಡಿಯಿತು. ಬ್ಲೆಗ್ಡಮ್ ಆಸ್ಪತ್ರೆಗೆ ದಿನಕ್ಕೆ ಹತ್ತಾರು ಜನ, ಹೆಚ್ಚಾಗಿ ಮಕ್ಕಳು, ಬರುತ್ತಿದ್ದರು. ಉಸಿರಾಟದ ಸ್ನಾಯುಗಳು ಸೋತವರಿಗೆ ಆಗ ಇದ್ದ ಸಾಧನ ಕಬ್ಬಿಣದ ಪೀಪಾಯಿಯಂಥ "ಐರನ್ ಲಂಗ್". ಇಡೀ ಆಸ್ಪತ್ರೆಗೆ ಅದು ಒಂದೇ ಒಂದು ಇತ್ತು, ಜೊತೆಗೆ ಎದೆಗೆ ಕಟ್ಟುವ ಸಣ್ಣ ಯಂತ್ರಗಳು ಆರು. ಉಸಿರು ನಿಂತ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಗೆ ತೂತು ಮಾಡಿಸಿ, ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒಳಗೆ ಗಾಳಿ ತುಂಬಿದರು. ಹುಡುಗಿ ಉಳಿದಳು. ಆದರೆ ಉಳಿದ ರೋಗಿಗಳಿಗೆ ಹಗಲು ರಾತ್ರಿ ಚೀಲ ಒತ್ತುವವರು ಯಾರು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ತಿಂಗಳುಗಟ್ಟಲೆ ಕೂತು ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇವತ್ತಿನ ಐಸಿಯು ಎಂಬ ವ್ಯವಸ್ಥೆ ಹುಟ್ಟಿದ್ದೇ ಅಲ್ಲಿಂದ.

ಮುಂದೆ ಆ ವಿದ್ಯಾರ್ಥಿಗಳ ಕೈಯ ಜಾಗಕ್ಕೆ ಯಂತ್ರ ಬಂತು. ಆದರೆ ಯಂತ್ರ ಒತ್ತುವ ಶ್ರಮವನ್ನಷ್ಟೇ ವಹಿಸಿಕೊಂಡಿತು. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಮನುಷ್ಯನಿಗೇ ಉಳಿಯಿತು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಲೆಕ್ಕ ಸಾಕು. 2000ದಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ತೀವ್ರವಾಗಿ ಕೆಟ್ಟ 861 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಪ್ರತಿ ಉಸಿರಿಗೆ, ದೇಹದ ತೂಕದ ಕಿಲೋಗೆ 12 ಮಿಲಿಲೀಟರ್ ಗಾಳಿ. ಇನ್ನೊಂದಕ್ಕೆ 6. (ಈ ತೂಕ ತಕ್ಕಡಿಯದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ದಪ್ಪಗಿದ್ದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ!) ಮೊದಲ ಗುಂಪಿನಲ್ಲಿ ಶೇ. 39.8 ಜನ ತೀರಿಕೊಂಡರು, ಎರಡನೆಯದರಲ್ಲಿ ಶೇ. 31. ವ್ಯತ್ಯಾಸ ಇದ್ದದ್ದು ಸೆಟ್ಟಿಂಗಿನಲ್ಲಿ. ಪ್ರತಿ ನೂರು ಜನರಲ್ಲಿ ಒಂಬತ್ತು ಮಂದಿಯ ಜೀವ ಒಂದು ಗುಂಡಿಯ ತಿರುವಿನಲ್ಲಿ ಕೂತಿದೆ. ಆ ಗುಂಡಿಯ ಪಕ್ಕ ನಿಂತವರು ಯಾರು, ಅವರು ಏನು ಓದಿದ್ದಾರೆ ಎಂಬುದು ಹಾಗಾಗಿ ಸಣ್ಣ ಪ್ರಶ್ನೆಯಲ್ಲ.

ಷಿಕಾಗೋದ ಸಂಘ ಹಿಡಿದದ್ದು ಇದೇ ಪ್ರಶ್ನೆಯನ್ನು. 1954ರಲ್ಲಿ ಅದು ಹೆಸರು ಬದಲಿಸಿ ರಾಷ್ಟ್ರೀಯ ಸಂಘವಾಯಿತು. 1956ರಲ್ಲಿ ಸ್ವಂತ ಪತ್ರಿಕೆ ತಂದಿತು. 1960ರಲ್ಲಿ ವೈದ್ಯರ ಸಂಘಗಳ ಬೆಂಬಲದೊಂದಿಗೆ ಪರೀಕ್ಷೆ ನಡೆಸಿ ಪಾಸಾದವರ ಹೆಸರು ದಾಖಲಿಸುವ ರಿಜಿಸ್ಟರಿ ಶುರುವಾಯಿತು. ಇಷ್ಟಾದರೂ ಅದು ಇಷ್ಟ ಇದ್ದವರು ಬರೆಯುವ ಪರೀಕ್ಷೆ, ಕಾನೂನಿನ ಬಲ ಇಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಲೈಸೆನ್ಸ್ ಕಾನೂನು ಮಾಡಿತು, ಆಮೇಲೆ ಒಂದೊಂದೇ ರಾಜ್ಯ ಹಿಂಬಾಲಿಸಿತು. 1986ರಿಂದ ಸಂಘದ ಹೆಸರು ಅಮೆರಿಕನ್ ಅಸೋಸಿಯೇಶನ್ ಫಾರ್ ರೆಸ್ಪಿರೇಟರಿ ಕೇರ್. ಸಂಘ ಹುಟ್ಟಿದ ದಿನದಿಂದ ಮೊದಲ ಲೈಸೆನ್ಸ್ ಕಾನೂನಿಗೆ 35 ವರ್ಷ. ಬ್ಯಾಂಕಿನಲ್ಲಿ ಒಬ್ಬ ಕ್ಲರ್ಕಾಗಿ ಸೇರಿ ರಿಟೈರ್ ಆಗುವಷ್ಟು ಕಾಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಬಹಳ ಕಾಲ ವೆಂಟಿಲೇಟರ್ ನೋಡಿಕೊಂಡವರು ಅರಿವಳಿಕೆ ವಿಭಾಗದ ವೈದ್ಯರು, ಪಿ.ಜಿ. ವಿದ್ಯಾರ್ಥಿಗಳು ಮತ್ತು ಐಸಿಯು ನರ್ಸುಗಳು. ಇದಕ್ಕೆಂದೇ ಪದವಿ ಶಿಕ್ಷಣ ಬೆಳೆದದ್ದು ಕಳೆದ ಮೂರು ದಶಕಗಳಲ್ಲಿ. ತಮಿಳುನಾಡಿನ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ ಬಿ.ಎಸ್ಸಿ. ರೆಸ್ಪಿರೇಟರಿ ಥೆರಪಿ ಪದವಿ ಕೊಡುತ್ತದೆ. ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಅಂತ ಹೆಸರು. ನಮ್ಮ ಮಣಿಪಾಲದಲ್ಲೂ ಈ ವಿಭಾಗವಿದೆ. ಇವರೆಲ್ಲರ ಸಂಘ ಇಂಡಿಯನ್ ಅಸೋಸಿಯೇಶನ್ ಆಫ್ ರೆಸ್ಪಿರೇಟರಿ ಕೇರ್. ಸಮ್ಮೇಳನ ನಡೆಸುತ್ತದೆ, 2012ರಿಂದ ಅದರ ಆಶ್ರಯದಲ್ಲಿ ಒಂದು ವೈಜ್ಞಾನಿಕ ಪತ್ರಿಕೆಯೂ ಬರುತ್ತಿದೆ. ಷಿಕಾಗೋದವರು ನಡೆದ ದಾರಿಯೇ: ಮೊದಲು ಸಭೆ, ಆಮೇಲೆ ಪತ್ರಿಕೆ, ಅಲ್ಲಿಂದ ಕಾನೂನಿನ ಬೇಡಿಕೆ.

ಆ ಕಾನೂನು ಯಾಕೆ ಬೇಕು ಅಂತ ನನಗೆ ಮನವರಿಕೆಯಾದದ್ದು ಎಜುಕೇಶನ್ ಲೋನ್ ಡೆಸ್ಕಿನಲ್ಲಿ. ಹೊಸೂರು ಕಡೆಯ ಕನ್ನಡದವರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಚೆನ್ನೈಯಲ್ಲಿ ಈ ಕೋರ್ಸಿಗೆ ಸೀಟು ಸಿಕ್ಕಿತ್ತು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಅವರ ಸಂಕೋಚ ಬಿಟ್ಟುಹೋಯಿತು. "ಸಾರ್, ಇದು ನರ್ಸಿಂಗಾ?" ಅಂತ ನನ್ನನ್ನೇ ಕೇಳಿದರು. ಮಗಳು "ಅಲ್ಲಪ್ಪಾ, ಬೇರೆ" ಅಂದಳು. "ಬೇರೆ ಅಂದ್ರೆ ಏನಂತ ಹೇಳ್ಲಿ ನಾನು ಊರಲ್ಲಿ?" ಆ ಹುಡುಗಿ ಎರಡು ನಿಮಿಷ ವಿವರಿಸಿದಳು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ನರ್ಸಿಗೆ ಕೌನ್ಸಿಲ್ ಇದೆ, ಮೆಡಿಕಲ್ ಶಾಪಿನವನಿಗೆ ಕೌನ್ಸಿಲ್ ಇದೆ. ಇವಳಿಗೆ ಯಾವುದು ಸಾರ್?" ವಿಶ್ವವಿದ್ಯಾಲಯದ ಮಾನ್ಯತೆ ಇದ್ದದ್ದರಿಂದ ಸಾಲಕ್ಕೆ ಅಡ್ಡಿಯಾಗಲಿಲ್ಲ. ಆದರೆ ಅವರ ಪ್ರಶ್ನೆಗೆ ಆವತ್ತು ಉತ್ತರ ಇರಲಿಲ್ಲ, ಏಕೆಂದರೆ ದೇಶದಲ್ಲೇ ಇರಲಿಲ್ಲ.

ಅವರು ಕೇಳಿದ್ದು ನ್ಯಾಯವೇ. ನರ್ಸಿಂಗ್ ಕೌನ್ಸಿಲ್ ಕಾಯಿದೆ 1947ರದ್ದು. ಫಾರ್ಮಸಿ ಕಾಯಿದೆ, ದಂತವೈದ್ಯರ ಕಾಯಿದೆ ಎರಡೂ 1948ರವು. ನಮ್ಮ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವ ಚಾರ್ಟರ್ಡ್ ಅಕೌಂಟೆಂಟುಗಳಿಗೆ 1949ರಲ್ಲೇ ಕಾಯಿದೆ ಬಂತು. ಸದಸ್ಯತ್ವದ ನಂಬರ್ ಇಲ್ಲದವನ ಸಹಿಯನ್ನು ನಾವು ಆಡಿಟ್ ರಿಪೋರ್ಟಿನಲ್ಲಿ ಒಪ್ಪುವುದಿಲ್ಲ. ಲೆಕ್ಕ ತಪ್ಪಾದರೆ ಯಾರನ್ನು ಕೇಳಬೇಕು ಎಂದು ಗೊತ್ತಿದೆ, ತಪ್ಪು ಮಾಡಿದವನ ಹೆಸರು ತೆಗೆದುಹಾಕುವ ದಾರಿಯೂ ಇದೆ. ದುಡ್ಡಿನ ಲೆಕ್ಕಕ್ಕೆ ಇದ್ದ ಈ ಕಟ್ಟುನಿಟ್ಟು ಉಸಿರಿನ ಲೆಕ್ಕಕ್ಕೆ ಇರಲಿಲ್ಲ. ಆರು ತಿಂಗಳ ಸರ್ಟಿಫಿಕೇಟ್ ಹಿಡಿದವನನ್ನೂ, ನಾಲ್ಕು ವರ್ಷ ಓದಿದವಳನ್ನೂ ಆಸ್ಪತ್ರೆ "ಟೆಕ್ನಿಷಿಯನ್" ಎಂಬ ಒಂದೇ ಕಾಲಮ್ಮಿನಲ್ಲಿ ಬರೆದುಕೊಂಡರೆ ಕೇಳುವ ಕಾನೂನು ಇರಲಿಲ್ಲ.

ಪ್ರಯತ್ನಗಳು ನಡೆಯಲಿಲ್ಲ ಅಂತಲ್ಲ. 2007ರಲ್ಲಿ ಪ್ಯಾರಾಮೆಡಿಕಲ್ ಕೌನ್ಸಿಲ್‌ಗಳ ಮಸೂದೆ ಲೋಕಸಭೆಗೆ ಬಂತು, ಪಾಸಾಗದೆ ಬಿದ್ದುಹೋಯಿತು. 2012ರಲ್ಲಿ ಆರೋಗ್ಯ ಸಚಿವಾಲಯಕ್ಕಾಗಿ ತಯಾರಾದ ವರದಿಯೊಂದು ದೇಶದಲ್ಲಿ ಇಂಥ ಆರೋಗ್ಯ ವೃತ್ತಿಪರರ ಕೊರತೆ ಸುಮಾರು 64 ಲಕ್ಷ ಎಂದು ಅಂದಾಜು ಮಾಡಿತು. 2018ರಲ್ಲಿ ಮತ್ತೊಂದು ಮಸೂದೆ, 2020ರಲ್ಲಿ ಇನ್ನೊಂದು.

ಅಷ್ಟರಲ್ಲಿ ಕೋವಿಡ್ ಬಂದೇಬಿಟ್ಟಿತು. 2020ರ ಮೇನಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಯಲ್ಲಿ 50,000 ವೆಂಟಿಲೇಟರ್ ಕೊಳ್ಳುವ ಘೋಷಣೆಯಾಯಿತು. 2021ರ ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತದೊಂದಿಗೆ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂತು. ಅದಾಗಿ ಕೆಲವೇ ವಾರಕ್ಕೆ ಎರಡನೇ ಅಲೆ. ಚೆನ್ನೈಯ ಸೆಂಟ್ರಲ್ ಎದುರಿನ ಸರ್ಕಾರಿ ಆಸ್ಪತ್ರೆಯ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತದ್ದನ್ನು ನಾವು ಯಾರೂ ಮರೆತಿಲ್ಲ. ಅದೇ ಸಮಯದಲ್ಲಿ ಕೆಲವು ಕಡೆ ಬಂದ ವೆಂಟಿಲೇಟರ್‌ಗಳು ಬಳಕೆಯಾಗದೆ ಬಿದ್ದಿವೆ ಎಂಬ ವರದಿಗಳೂ ಬಂದವು. ಮೇ 15ರಂದು ಪ್ರಧಾನಿಗಳು ಆ ಯಂತ್ರಗಳ ಅಳವಡಿಕೆ ಮತ್ತು ಬಳಕೆಯ ಆಡಿಟ್ ಮಾಡಿಸಲು ಹೇಳಿದರು, ಬೇಕಾದಲ್ಲಿ ಸಿಬ್ಬಂದಿಗೆ ಮತ್ತೆ ತರಬೇತಿ ಕೊಡಲೂ ಸೂಚಿಸಿದರು. ಯಂತ್ರವನ್ನು ಟೆಂಡರ್ ಕರೆದು ತಿಂಗಳಲ್ಲಿ ತರಿಸಬಹುದು. ಅದನ್ನು ನಡೆಸುವವರನ್ನು ತಯಾರು ಮಾಡಲು ವರ್ಷಗಳೇ ಬೇಕು.

ಹೊಸ ಕಾಯಿದೆಯ ಪಟ್ಟಿಯಲ್ಲಿ 50ಕ್ಕೂ ಹೆಚ್ಚು ವೃತ್ತಿಗಳಿವೆ. ಅದರಲ್ಲಿ "ರೆಸ್ಪಿರೇಟರಿ ಟೆಕ್ನಾಲಜಿಸ್ಟ್" ಎಂಬ ಹೆಸರೂ ಇದೆ. ಕನಿಷ್ಠ ಎಷ್ಟು ಗಂಟೆ ಓದಿರಬೇಕು ಎಂಬ ಲೆಕ್ಕ ಇದೆ: ಒಂದು ವರ್ಗಕ್ಕೆ 2,000 ಗಂಟೆ, ಇನ್ನೊಂದಕ್ಕೆ 3,600. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಕೌನ್ಸಿಲ್, ಎರಡು ಕಡೆಯೂ ರಿಜಿಸ್ಟರು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರಾಜ್ಯಗಳು ಎಷ್ಟು ನಿಧಾನ ಮಾಡಿದವೆಂದರೆ, ಮೆಡಿಕಲ್ ಟೆಕ್ನಾಲಜಿಸ್ಟರ ಜಂಟಿ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2024ರ ಆಗಸ್ಟಿನಲ್ಲಿ ಕೋರ್ಟು ಎರಡು ತಿಂಗಳೊಳಗೆ ಕಾಯಿದೆ ಜಾರಿಗೆ ಕ್ರಮ ಕೈಗೊಳ್ಳಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ಸಂಘಗಳು ಬೆನ್ನು ಹತ್ತದಿದ್ದರೆ ಕಾಯಿದೆ ಪುಸ್ತಕದಲ್ಲೇ ಮಲಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಘ ಅಂದರೆ ಸಂಬಳ ಏರಿಸಲು ಕೂಗುವವರು ಅಂತ ನಮ್ಮಲ್ಲೊಂದು ಭಾವನೆಯಿದೆ. ಬ್ಯಾಂಕಿನವರಾದ ನಮ್ಮ ಮೇಲೂ ಆ ಮಾತು ಇದ್ದದ್ದೇ! ಆದರೆ ಉಸಿರು ನೋಡಿಕೊಳ್ಳುವವರ ಸಂಘ ಕೇಳುತ್ತಿರುವುದು ಮುಖ್ಯವಾಗಿ ತಮ್ಮನ್ನು ಪ್ರಶ್ನಿಸುವ ಹಕ್ಕನ್ನು ನಿಮಗೆ ಕೊಡಿ ಎಂದು. ರಿಜಿಸ್ಟರಿನಲ್ಲಿ ಹೆಸರಿದ್ದರೆ ಓದು ಪರಿಶೀಲಿಸಬಹುದು, ತಪ್ಪಾದರೆ ದೂರು ಕೊಡಬಹುದು. ಅಂಥ ಕಟ್ಟುಪಾಡನ್ನು ಒಂದು ವೃತ್ತಿಯವರು ತಾವಾಗಿ ಕೇಳಿದಾಗ ಬೇಗ ಕೊಟ್ಟುಬಿಡುವುದೇ ಜಾಣತನ.

ನಿಮ್ಮ ಮನೆಯ ಮಕ್ಕಳು ಪಿಯುಸಿ ಮುಗಿಸಿ, ಮೆಡಿಕಲ್ ಸೀಟು ಸಿಗದೆ ಬೇರೇನು ಓದಲಿ ಅಂತ ಕೂತಿದ್ದರೆ ಈ ಕೋರ್ಸನ್ನೂ ಒಮ್ಮೆ ವಿಚಾರಿಸಿ ನೋಡಿ. ಪದವಿ ಯಾವ ವಿಶ್ವವಿದ್ಯಾಲಯದ್ದು, ದೊಡ್ಡ ಐಸಿಯು ಇರುವ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಉಂಟೇ, ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಹೇಗೆ - ಈ ಮೂರನ್ನು ಫೀಸು ಕಟ್ಟುವ ಮುಂಚೆಯೇ ಕೇಳಿ. ಇನ್ನು ದೇವರು ಹಾಗೆ ಮಾಡದಿರಲಿ, ನಮ್ಮವರು ಯಾರಾದರೂ ವೆಂಟಿಲೇಟರ್ ಮೇಲಿದ್ದರೆ, ರಾತ್ರಿ ಪಾಳಿಯಲ್ಲಿ ಆ ಯಂತ್ರ ನೋಡಿಕೊಳ್ಳುವವರು ಯಾರು, ಏನು ಓದಿದ್ದಾರೆ ಅಂತ ಮರ್ಯಾದೆಯಿಂದ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.